ಕೆಂಟಕಿಯ ನೋಹನ ನಾವೆ: ದೊರೆತನ ಮತ್ತು ಲದ್ದಿ

ಮಗಳು ಸಿನ್ಸಿನಾಟಿಯಲ್ಲಿ ನೆಲೆಸಿರುವುದರಿಂದ ಎರಡು ವರ್ಷಕ್ಕೊಮ್ಮೆ ನಾನೂ ನನ್ನಾಕೆಯೂ ಅಲ್ಲಿಗೆ ಹೋಗಿ ಮೂರು ತಿಂಗಳು ಇದ್ದು ಬರುವುದು ರೂಢಿಯಾಗಿದೆ. ಅಮೆರಿಕದಲ್ಲಿ ನೋಡಬೇಕೆಂದು ಹೇಳುವ ಜಾಗಗಳನ್ನೆಲ್ಲ ಹಿಂದಿನ ಸಲಗಳಲ್ಲೇ ಮುಗಿಸಿದ್ದೆವಾದ್ದರಿಂದ, ಈ ಬಾರಿ ಅಳಿಯ ತಾನೇ ಟಿಕೆಟ್ ಕಾಯ್ದಿರಿಸಿ, ನಗರದಿಂದ ದಕ್ಷಿಣಕ್ಕೆ ಸುಮಾರು 65 ಕಿಲೋಮೀಟರ್ ದೂರದಲ್ಲಿ, ಕೆಂಟಕಿ ರಾಜ್ಯದ ವಿಲಿಯಮ್ಸ್‌ಟೌನ್ ಎಂಬಲ್ಲಿರುವ ‘ಆರ್ಕ್ ಎನ್‌ಕೌಂಟರ್’ಗೆ ಕರೆದೊಯ್ದ. ಬೈಬಲ್ಲಿನ ಆದಿಕಾಂಡದಲ್ಲಿ ಬರುವ, ಜಲಪ್ರಳಯದಿಂದ ಪ್ರಾಣಿಗಳನ್ನು ಉಳಿಸಿದ ನೋಹನ ನಾವೆಯನ್ನು ಅದೇ ಅಳತೆಯಲ್ಲಿ ಮರದಿಂದ ಕಟ್ಟಿ ನಿಲ್ಲಿಸಿರುವ ಪ್ರದರ್ಶನ ಇದು. ಮೂವತ್ತು ವರ್ಷಕ್ಕೂ ಮಿಗಿಲಾಗಿ ಅರಣ್ಯ ಇಲಾಖೆಯಲ್ಲಿ, ಅದರಲ್ಲೂ ಮೊದಲ ಕೆಲವು ವರ್ಷ ನಾಟಾ ಡಿಪೋದಲ್ಲಿ, ಆಮೇಲೆ ಶಿವಮೊಗ್ಗದ ಕಡೆಯ ಕಾಡುಗಳಲ್ಲಿ ಕೆಲಸ ಮಾಡಿದವನು ನಾನು. ಹೀಗಾಗಿ ಮರ ಮತ್ತು ಪ್ರಾಣಿ ಎರಡೂ ಇರುವ ಕಡೆ ನನ್ನ ಕಣ್ಣು ಏನನ್ನು ಹುಡುಕುತ್ತದೆಂಬುದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೆ ಈ ವಿಮರ್ಶೆಯ ವಾಲು ಎತ್ತ ಕಡೆಗೆಂದು ತಿಳಿಯುತ್ತದೆ.

ಮೊದಲು ಕಟ್ಟಡದ ಮಾತು. ವಾಹನ ನಿಲ್ಲಿಸಿದ ಜಾಗದಿಂದ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ದಿಬ್ಬ ದಾಟಿದ ಕೂಡಲೇ ಹಸಿರು ಬಯಲಿನ ಆಚೆ ಅದು ಕಾಣಿಸುತ್ತದೆ. ಉದ್ದ 510 ಅಡಿ, ಅಗಲ 85 ಅಡಿ, ಎತ್ತರ 51 ಅಡಿ. ಆದಿಕಾಂಡದಲ್ಲಿ ಮುನ್ನೂರು, ಐವತ್ತು, ಮೂವತ್ತು ಮೊಳ ಎಂದಿರುವುದನ್ನು 20.4 ಅಂಗುಲಕ್ಕೆ ಒಂದು ಮೊಳವೆಂದು ಹಿಡಿದು ಮಾಡಿದ ಲೆಕ್ಕವಿದು. ಸುಮಾರು 33 ಲಕ್ಷ ಬೋರ್ಡ್ ಅಡಿ ಮರ ಬಳಸಿದ್ದಾರೆ. ನಮ್ಮ ಡಿಪೋ ಭಾಷೆಗೆ ತಂದರೆ ಎರಡೂಮುಕ್ಕಾಲು ಲಕ್ಷ ಘನ ಅಡಿ. ಇಷ್ಟು ಮರವನ್ನು ಒಂದೇ ಚಾವಣಿಯಡಿ ನಾನು ಹಿಂದೆಂದೂ ನೋಡಿರಲಿಲ್ಲ. ಆಮಿಷ್ ಎಂಬ ಕ್ರೈಸ್ತ ಪಂಗಡದ ಬಡಗಿಗಳು ಇದರಲ್ಲಿ ದುಡಿದಿದ್ದಾರೆ, ಅವರ ಕೈಚಳಕ ಒಳಗಿನ ಕಂಬ ಕಂಬದಲ್ಲೂ ಎದ್ದು ಕಾಣುತ್ತದೆ. ನಡುವಿನ ದುಂಡು ದಿಮ್ಮಿಗಳ ಬುಡದಲ್ಲಿ ನಿಂತು ತಲೆಯೆತ್ತಿದರೆ ಮೂರು ಅಂತಸ್ತೂ ಒಂದೇ ನೋಟಕ್ಕೆ ಸಿಗುತ್ತವೆ. ನಾನು ಅಭ್ಯಾಸಬಲದಿಂದ ಒಂದು ದಿಮ್ಮಿಯನ್ನು ಬೆರಳಗಂಟಿನಿಂದ ಬಡಿದು ಸದ್ದು ಕೇಳಿದೆ, ನನ್ನಾಕೆ ಸುತ್ತ ಯಾರಾದರೂ ನೋಡಿದರೇನೋ ಎಂದು ಮುಜುಗರಪಟ್ಟಳು. ಇದು ತೇಲುವ ಹಡಗಲ್ಲ. ಕಾಂಕ್ರೀಟ್ ಕಂಬಗಳ ಮೇಲೆ ನಿಂತಿರುವ ಕಟ್ಟಡ. ಕಟ್ಟಿಸಿದವರೂ ಹಾಗೆಂದೇ ಹೇಳುತ್ತಾರೆ. 2016ರ ಜುಲೈ 7ರಂದು ತೆರೆದ ಈ ನಾವೆಯನ್ನು ನಡೆಸುತ್ತಿರುವುದು ‘ಆನ್ಸರ್ಸ್ ಇನ್ ಜೆನೆಸಿಸ್’ ಎಂಬ ಸಂಸ್ಥೆ. ಅದರ ಮುಂದಾಳು ಆಸ್ಟ್ರೇಲಿಯಾ ಮೂಲದ ಕೆನ್ ಹ್ಯಾಮ್. ಆದಿಕಾಂಡದ ಅಕ್ಷರ ಅಕ್ಷರವೂ ನಡೆದ ಚರಿತ್ರೆಯೆಂದೂ, ಭೂಮಿಗೆ ಸುಮಾರು ಆರು ಸಾವಿರ ವರ್ಷ ವಯಸ್ಸೆಂದೂ ನಂಬುವವರ ಸಂಸ್ಥೆ ಅದು.

ಕೆಳಗಿನ ಅಂತಸ್ತಿನಲ್ಲಿ ಅರೆಗತ್ತಲು. ಎರಡೂ ಬದಿಯಲ್ಲಿ ಸಾಲು ಸಾಲು ಮರದ ಗೂಡುಗಳು, ನಡುನಡುವೆ ಜೋಡಿಸಿಟ್ಟ ಮಣ್ಣಿನ ಜಾಡಿಗಳು, ಚೀಲಗಳು. ಕಾಣದ ಧ್ವನಿವರ್ಧಕಗಳಿಂದ ಪ್ರಾಣಿಗಳ ಕೂಗು. ನಾವೆಯೊಳಗೆ ಇರುವುದೆಲ್ಲ ಮಾದರಿಗಳೇ, ಜೀವಂತ ಪ್ರಾಣಿಗಳಿಗೆ ಹೊರಗೆ ಬೇರೆ ಸಣ್ಣ ಮೃಗಾಲಯವಿದೆ. ಕೆಲವು ಗೂಡುಗಳಲ್ಲಿ ಡೈನೋಸಾರ್ ಮರಿಗಳೂ ಇವೆ, ಮೊಮ್ಮಗನಿಗೆ ಬೇರೇನೂ ಬೇಡವಾಯಿತು. ಲೋಕದ ಪ್ರತಿಯೊಂದು ಪ್ರಭೇದವನ್ನೂ ತುಂಬಿಕೊಳ್ಳಬೇಕಿರಲಿಲ್ಲ, ಒಂದೊಂದು ‘ಕುಲ’ದಿಂದ ಒಂದಿಷ್ಟು ಪ್ರಾಣಿಗಳಿದ್ದರೆ ಸಾಕಿತ್ತು ಎಂಬುದು ಸಂಸ್ಥೆಯ ವಾದ, ಆ ಲೆಕ್ಕದಲ್ಲಿ ಸುಮಾರು 1,400 ಕುಲಗಳು, ಒಟ್ಟು ಏಳು ಸಾವಿರದೊಳಗೆ ಪ್ರಾಣಿಗಳು. ನೋಡಿಕೊಳ್ಳಲು ಇದ್ದವರು ಎಂಟೇ ಜನ: ನೋಹ, ಅವನ ಹೆಂಡತಿ, ಮೂವರು ಗಂಡುಮಕ್ಕಳು, ಮೂವರು ಸೊಸೆಯಂದಿರು. ತಲೆಗೆ ಎಂಟುನೂರಕ್ಕೂ ಹೆಚ್ಚು ಪ್ರಾಣಿ, ಅದೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ.

ಈ ಲೆಕ್ಕ ಓದಿದಾಗ ನನಗೆ ನೆನಪಾದದ್ದು ತುಂಗೆಯ ದಡದ ಸಕ್ರೆಬೈಲು ಆನೆ ಬಿಡಾರ. ಅಲ್ಲಿ ಒಂದು ಆನೆಗೆ ಒಬ್ಬ ಮಾವುತ, ಒಬ್ಬ ಕಾವಾಡಿ. ಬೆಳಿಗ್ಗೆ ಹೊಳೆಗಿಳಿಸಿ ಕಲ್ಲಿನಿಂದ ಮೈ ತಿಕ್ಕಬೇಕು, ಭತ್ತ ಬೆಲ್ಲ ಹುಲ್ಲಿನಲ್ಲಿ ಸುತ್ತಿ ಕುಸುರೆ ಕಟ್ಟಿ ಬಾಯಿಗಿಡಬೇಕು, ಕಾಲಿನ ಉಗುರು ನೋಡಬೇಕು, ಲದ್ದಿಯ ಬಣ್ಣ ನೋಡಿ ಹೊಟ್ಟೆಯ ಸ್ಥಿತಿ ತಿಳಿಯಬೇಕು. ಇಬ್ಬರೂ ದಿನವಿಡೀ ದುಡಿದರೂ ಸಂಜೆಗೆ ಏನಾದರೊಂದು ಉಳಿದೇ ಇರುತ್ತದೆ. ಆದ್ದರಿಂದ ಎಂಟು ಜನರ ಲೆಕ್ಕವನ್ನು ನಾನು ನಂಬಿದೆನೆಂದು ಹೇಳಲಾರೆ. ಆದರೆ ಈ ಪ್ರದರ್ಶನವನ್ನು ರೂಪಿಸಿದವರು ಆ ಪ್ರಶ್ನೆಯನ್ನು ತಪ್ಪಿಸಿಕೊಂಡು ಓಡಲಿಲ್ಲ, ಅದರ ಎದುರಿಗೇ ಕುಳಿತರು ಎಂಬುದು ನನಗೆ ಮೆಚ್ಚಿಗೆಯಾದ ಸಂಗತಿ. ನೀರು ಹೇಗೆ ಹಂಚಿಕೆಯಾಗುತ್ತಿತ್ತು, ಗಾಳಿ ಎಲ್ಲಿಂದ ಬರುತ್ತಿತ್ತು, ಮೇವು ಎಲ್ಲಿ ಕೂಡಿಟ್ಟಿದ್ದರು, ಲದ್ದಿ ಹೇಗೆ ಹೊರಹೋಗುತ್ತಿತ್ತು ಎಂಬುದಕ್ಕೆಲ್ಲ ಚಿತ್ರ ಸಹಿತ, ಮಾದರಿ ಸಹಿತ ಉತ್ತರ ಕಲ್ಪಿಸಿದ್ದಾರೆ. ಇವು ಕಲ್ಪನೆಯೇ, ಬೈಬಲ್ಲಿನಲ್ಲಿ ಇಲ್ಲ ಎಂದೂ ಒಪ್ಪಿಕೊಳ್ಳುತ್ತಾರೆ.

“ಅಜ್ಜಾ, ಲದ್ದಿ ಬಾಚೋದು ನೋಹನ ಕೆಲಸವೋ, ಅವನ ಮಕ್ಕಳದೋ?” ಎಂದು ಮೊಮ್ಮಗ ಕೇಳಿದ. “ಬಿಡಾರದಲ್ಲಿ ಯಾರು ದೊಡ್ಡವರೋ ಅವರೂ ಬಾಚುತ್ತಾರೆ ಕಣೋ” ಎಂದೆ. ಹಾಗೆ ಹೇಳಿದ ಮೇಲೆ ಒಂದು ಹಳೆಯ ಮಾತುಕತೆ ತಲೆಯಲ್ಲಿ ತಿರುಗತೊಡಗಿತು.

ಸೇವೆಯಲ್ಲಿದ್ದಾಗ ನನ್ನ ಜೊತೆಗಿದ್ದ ಕ್ರೈಸ್ತ ಮಿತ್ರರೊಬ್ಬರು ಪ್ರವಾಸಿ ಮಂದಿರದ ಜಗಲಿಯಲ್ಲಿ ಕುಳಿತು ಒಮ್ಮೆ ಕನ್ನಡ ಬೈಬಲ್ಲಿನ ಆದಿಕಾಂಡದ ಮೊದಲ ಅಧ್ಯಾಯವನ್ನು ಓದಿ ತೋರಿಸಿದ್ದರು. ದೇವರು ಮನುಷ್ಯರನ್ನು ಸೃಷ್ಟಿಸಿ, ಮೀನು, ಹಕ್ಕಿ, ನೆಲದ ಮೇಲೆ ಚಲಿಸುವ ಜೀವಿಗಳೆಲ್ಲದರ ಮೇಲೆ ‘ದೊರೆತನ’ ಮಾಡಿರಿ ಎನ್ನುತ್ತಾನೆ. ಹೀಬ್ರೂ ಮೂಲದಲ್ಲಿ ಅಲ್ಲಿರುವುದು ಆಳುವುದೆಂಬ ಅರ್ಥದ ‘ರಾದಾ’. ಅದರ ಪಕ್ಕದಲ್ಲೇ ಭೂಮಿಯನ್ನು ವಶಮಾಡಿಕೊಳ್ಳುವುದೆಂಬ ‘ಕಾಬಾಷ್’. ಎರಡೂ ಗಟ್ಟಿ ಪದಗಳು, ಸೋತವನ ಕುತ್ತಿಗೆಯ ಮೇಲೆ ಕಾಲಿಟ್ಟ ಅರಸನ ಚಿತ್ರವನ್ನೇ ನೆನಪಿಸುವಂಥವು. ಆದರೆ ಒಂದೇ ಅಧ್ಯಾಯ ದಾಟಿದರೆ ಏದೆನ್ ತೋಟದಲ್ಲಿ ಅದೇ ಮನುಷ್ಯನಿಗೆ ವಹಿಸಿದ ಕೆಲಸಕ್ಕೆ ಬಳಸಿರುವುದು ‘ಆಬಾದ್’ ಮತ್ತು ‘ಶಾಮಾರ್’ ಎಂಬ ಪದಗಳು: ದುಡಿಯುವುದು, ಕಾಯುವುದು. ಮೊದಲನೆಯದಕ್ಕೆ ಸೇವೆ ಮಾಡುವುದೆಂಬ ಅರ್ಥವೂ ಉಂಟು. “ನಮ್ಮ ಗಾರ್ಡುಗಳ ಕೆಲಸ ಎರಡನೆಯ ಅಧ್ಯಾಯದ್ದು, ಸಾಹೇಬರುಗಳ ಕೆಲಸ ಮೊದಲನೆಯದು” ಎಂದು ಮಿತ್ರರು ನಕ್ಕಿದ್ದರು.

ಈ ನಾವೆಯ ವಿಚಿತ್ರವೆಂದರೆ, ಮೊದಲನೆಯ ಅಧ್ಯಾಯದ ಅಕ್ಷರವನ್ನು ಎತ್ತಿಹಿಡಿಯಲೆಂದು ಕಟ್ಟಿದ ಈ ಮನೆ ತನಗೆ ಅರಿವಿಲ್ಲದೆಯೇ ಎರಡನೆಯ ಅಧ್ಯಾಯವನ್ನು ತೋರಿಸಿಬಿಡುತ್ತದೆ. ಇಲ್ಲಿ ಮನುಷ್ಯನ ದೊರೆತನವೆಂದರೆ ಸಿಂಹಾಸನವಲ್ಲ; ಬಕೆಟ್ಟು, ಪೊರಕೆ, ಜಾಡಿ, ಮೇವಿನ ಕಟ್ಟು. ಎಂಟು ಜನ ದೊರೆಗಳು ಏಳು ಸಾವಿರ ಪ್ರಜೆಗಳ ಚಾಕರಿಗೆ ನಿಂತಿದ್ದಾರೆ. ಪ್ರಾಣಿಗಳ ಆರೈಕೆಯ ಈ ಭಾಗಕ್ಕಾಗಿ ನಾನು ಯಾರಿಗೆ ಬೇಕಾದರೂ ಈ ಪ್ರದರ್ಶನವನ್ನು ಶಿಫಾರಸು ಮಾಡುತ್ತೇನೆ.

ಮಧ್ಯದ ಅಂತಸ್ತಿನಲ್ಲಿ ಜಲಪ್ರಳಯಕ್ಕೆ ಮುಂಚಿನ ಲೋಕದ ಕ್ರೌರ್ಯವನ್ನು ಪುಟ್ಟ ಗೊಂಬೆಗಳಲ್ಲಿ ತೋರಿಸಿದ್ದಾರೆ. ಅಖಾಡವೊಂದರಲ್ಲಿ ಮನುಷ್ಯರನ್ನೂ ದೈತ್ಯರನ್ನೂ ಡೈನೋಸಾರನ್ನೂ ಕಾದಾಟಕ್ಕೆ ಬಿಟ್ಟ ದೃಶ್ಯ ಕೆಲಸಗಾರಿಕೆಯಲ್ಲಿ ಸೊಗಸಾಗಿದ್ದರೂ ಮಕ್ಕಳಿಗೆ ಸ್ವಲ್ಪ ಭಾರ. ಅಲ್ಲಿಂದ ಮುಂದಕ್ಕೆ ನನ್ನಂಥ ಸಸ್ಯಾಹಾರಿಯ ಗಮನ ಸೆಳೆಯುವ ಒಂದು ವಿಷಯವಿದೆ. ಆದಿಕಾಂಡದ ಪ್ರಕಾರ ದೊರೆತನ ಕೊಟ್ಟ ಮರುವಚನದಲ್ಲೇ ದೇವರು ಮನುಷ್ಯರಿಗೂ ಪ್ರಾಣಿಗಳಿಗೂ ಆಹಾರವಾಗಿ ಕೊಡುವುದು ಬೀಜ, ಹಣ್ಣು, ಸೊಪ್ಪು ಮಾತ್ರ. ಅಂದರೆ ಮೊದಲ ದೊರೆತನದಲ್ಲಿ ತಿನ್ನುವ ಹಕ್ಕು ಸೇರಿರಲಿಲ್ಲ. ಮಾಂಸಕ್ಕೆ ಅನುಮತಿ ಬರುವುದು ಪ್ರಳಯ ಇಳಿದ ಮೇಲೆ, ಒಂಬತ್ತನೆಯ ಅಧ್ಯಾಯದಲ್ಲಿ. ಇನ್ನು ಮೇಲೆ ಮೃಗಪಕ್ಷಿಗಳೆಲ್ಲ ನಿಮಗೆ ಹೆದರುವವು ಎಂಬ ಮಾತಿನೊಂದಿಗೆ. ವರ್ಷವಿಡೀ ಕೈಯಿಂದ ತಿಂದ ಪ್ರಾಣಿಗಳು ಮೆಟ್ಟಿಲಿಳಿದ ದಿನವೇ ಆ ಕೈಗೆ ಹೆದರಬೇಕಾಗಿ ಬಂತು. ಇಡೀ ಕಥೆಯಲ್ಲಿ ನನಗೆ ಅತಿ ದುಃಖದ್ದೆನಿಸುವ ಜಾಗ ಅದು. ಅದಕ್ಕೆ ಒಂದು ಕೋಣೆಯನ್ನೇ ಮೀಸಲಿಡಬಹುದಿತ್ತು ಎಂದು ನನ್ನ ಅನಿಸಿಕೆ. ಹೊರಗಿನ ಭೋಜನಶಾಲೆಗೆ ನೋಹನ ಹೆಂಡತಿಯದೆಂದು ಹೇಳಲಾಗುವ ‘ಎಮ್ಜಾರಾ’ ಎಂಬ ಹೆಸರಿಟ್ಟಿದ್ದಾರೆ. ನಾವು ಮನೆಯಿಂದಲೇ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವಾದ್ದರಿಂದ ಅಲ್ಲಿನ ಊಟದ ಬಗ್ಗೆ ನಾನು ಹೇಳುವುದೇನಿಲ್ಲ.

ಇನ್ನು ನನ್ನ ತಕರಾರು. ಪ್ರಳಯದ ನಂತರ ದೇವರು ಮಾಡುವ ಒಡಂಬಡಿಕೆಯ ಗುರುತು ಕಾಮನಬಿಲ್ಲು. ಆ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಒಡಂಬಡಿಕೆ ನೋಹನೊಂದಿಗೆ ಮಾತ್ರವಲ್ಲ, ನಾವೆಯಿಂದ ಹೊರಬಂದ ಪಕ್ಷಿ, ಪಶು, ಕಾಡುಮೃಗ ಎಲ್ಲದರೊಂದಿಗೂ ಆಗಿದೆ ಎಂದು ಮತ್ತೆ ಮತ್ತೆ ಹೇಳಿರುವುದು ಕಾಣುತ್ತದೆ. ಪ್ರಾಣಿಗಳು ಅಲ್ಲಿ ಆಸ್ತಿಯಲ್ಲ, ಕರಾರಿನ ಇನ್ನೊಂದು ಪಕ್ಷ. ಆದರೆ ಅಮೆರಿಕದ ಸಾರ್ವಜನಿಕ ಬದುಕಿನಲ್ಲಿ ಈ ಕಥೆಯಿಂದ ಹೆಚ್ಚಾಗಿ ಎತ್ತಿಕೊಂಡದ್ದು ಬೇರೆಯದೇ ವಚನವನ್ನು: ಭೂಮಿ ಇರುವ ತನಕ ಬಿತ್ತನೆ, ಕೊಯ್ಲು, ಚಳಿ, ಬಿಸಿಲು ನಿಲ್ಲುವುದಿಲ್ಲ ಎಂಬ ಎಂಟನೆಯ ಅಧ್ಯಾಯದ ಭರವಸೆ. 2009ರ ಮಾರ್ಚ್‌ನಲ್ಲಿ ಇಲಿನಾಯ್ ರಾಜ್ಯದ ಸಂಸದ ಜಾನ್ ಶಿಮ್ಕಸ್ ಹವಾಮಾನ ಬದಲಾವಣೆ ಕುರಿತ ಉಪಸಮಿತಿಯ ಸಭೆಯಲ್ಲಿ ಇದೇ ವಚನವನ್ನು ಓದಿ, ಭೂಮಿ ಕೊನೆಗೊಳ್ಳುವುದು ದೇವರು ಹೇಳಿದಾಗಲೇ ಎಂದಿದ್ದರು. ಮನೆಯೊಡೆಯ ಮನೆ ಸುಡುವುದಿಲ್ಲವೆಂದು ಮಾತು ಕೊಟ್ಟದ್ದನ್ನೇ ಬಾಡಿಗೆದಾರ ಒಲೆ ಆರಿಸದಿರುವುದಕ್ಕೆ ನೆವ ಮಾಡಿಕೊಂಡ ಹಾಗೆ ನನಗೆ ಕೇಳಿಸುತ್ತದೆ.

ಭೂಮಿಯ ವಯಸ್ಸಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಪ್ರಳಯವಾದದ್ದು ಸುಮಾರು 4,350 ವರ್ಷದ ಹಿಂದೆ ಎಂಬ ಫಲಕವನ್ನು ಓದಿ ಬರುವ ದಾರಿಯಲ್ಲೇ, ಹೆದ್ದಾರಿಗಾಗಿ ಗುಡ್ಡ ಕಡಿದ ಜಾಗಗಳಲ್ಲಿ ಚಿಪ್ಪುಗಳು ತುಂಬಿದ ಸುಣ್ಣಕಲ್ಲಿನ ಪದರಗಳು ಕಾಣುತ್ತವೆ. ಸಿನ್ಸಿನಾಟಿ ಸುತ್ತಲ ಈ ಕಲ್ಲು ಸುಮಾರು 45 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನ ಲೋಕಕ್ಕೆಲ್ಲ ಗೊತ್ತು.

ಕ್ರೈಸ್ತರೆಲ್ಲ ದೊರೆತನವನ್ನು ಒಂದೇ ರೀತಿ ಓದುತ್ತಾರೆಂದು ತಿಳಿಯಬಾರದು. ಇತಿಹಾಸಕಾರ ಲಿನ್ ವೈಟ್ 1967ರಲ್ಲಿ ‘ಸೈನ್ಸ್’ ಪತ್ರಿಕೆಯ ಲೇಖನವೊಂದರಲ್ಲಿ, ಪ್ರಕೃತಿ ಇರುವುದೇ ಮನುಷ್ಯನಿಗಾಗಿ ಎಂಬ ಪಶ್ಚಿಮದ ಕ್ರೈಸ್ತ ನಂಬಿಕೆಗೆ ಪರಿಸರದ ಬಿಕ್ಕಟ್ಟಿನಲ್ಲಿ ದೊಡ್ಡ ಪಾಲಿದೆ ಎಂದು ಬರೆದಾಗ ಭಾರಿ ಚರ್ಚೆಯಾಯಿತು. ಆದರೆ ಅದೇ ಲೇಖನದ ಕೊನೆಯಲ್ಲಿ ಅವರು ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರವಾದಿಗಳ ಪೋಷಕ ಸಂತರನ್ನಾಗಿ ಮಾಡಬೇಕೆಂದೂ ಸೂಚಿಸಿದ್ದರು. 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಹಾಗೆಯೇ ಘೋಷಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ‘ಲೌದಾತೊ ಸಿ’ ಪತ್ರವಂತೂ ದೊರೆತನವೆಂದರೆ ನಿರಂಕುಶ ಅಧಿಕಾರವೆಂಬ ಓದನ್ನು ನೇರವಾಗಿ ತಳ್ಳಿಹಾಕಿ, ದುಡಿಯುವ ಮತ್ತು ಕಾಯುವ ಆ ಎರಡನೆಯ ಅಧ್ಯಾಯದತ್ತಲೇ ಬೆರಳು ಮಾಡುತ್ತದೆ.

ನಮ್ಮ ಪುರಾಣಗಳ ಕಡೆಯವನೆಂದು ಎದೆಯುಬ್ಬಿಸಿಕೊಂಡು ನಾನು ನಾವೆಯಿಂದ ಇಳಿಯಲಿಲ್ಲ. ಮತ್ಸ್ಯಾವತಾರದ ಕಥೆಯಲ್ಲಿ ಮನುವಿನ ಬೊಗಸೆಗೆ ಬಂದ ಮರಿಮೀನು ಬೆಳೆದು ಅವನ ದೋಣಿಯನ್ನು ಎಳೆದುಕೊಂಡು ಹೋಗುವುದು ಚೆಂದವೇ. ಆದರೆ ಖಾಂಡವ ದಹನವೂ ನಮ್ಮದೇ. ನೋಹ ಜೋಡಿ ಜೋಡಿಯಾಗಿ ಒಳಗೆ ಕರೆದುಕೊಂಡ. ನಮ್ಮ ಅರ್ಜುನ ಉರಿಯುವ ಕಾಡಿನಿಂದ ಹಾರಿ ತಪ್ಪಿಸಿಕೊಳ್ಳಲು ಹೊರಟ ಹಕ್ಕಿಗಳನ್ನು ಬಾಣ ಬಿಟ್ಟು ಮತ್ತೆ ಬೆಂಕಿಗೇ ಕೆಡವಿದ. ಇನ್ನು ಇಲಾಖೆಯಲ್ಲಿ ನಾವೇ ನೈಸರ್ಗಿಕ ಕಾಡು ಬೋಳಿಸಿ ಸಾಲು ಹಿಡಿದು ನೆಟ್ಟ ನೀಲಗಿರಿ ತೋಪುಗಳ ಲೆಕ್ಕ ತೆಗೆದರೆ, ಅದಕ್ಕೆ ಆದಿಕಾಂಡದ ಅಪ್ಪಣೆಯೇನೂ ಬೇಕಾಗಿರಲಿಲ್ಲ.

ಪ್ರಕೃತಿಯ ಮೇಲಿನ ದೊರೆತನ ಸಮಾಜದ ಮೇಲಿನ ದೊರೆತನವಾಗಿ ತಿರುಗುವುದಕ್ಕೆ ಹೆಚ್ಚು ದೂರ ಹೋಗಬೇಕಿಲ್ಲ. ನಾವೆಯ ಕಥೆಯ ಬಾಲದಲ್ಲಿ ನೋಹ ದ್ರಾಕ್ಷಾರಸ ಕುಡಿದು ಮಲಗಿ, ಎದ್ದ ಮೇಲೆ ಮೊಮ್ಮಗ ಕಾನಾನನಿಗೆ ದಾಸನಾಗೆಂದು ಶಾಪ ಕೊಡುತ್ತಾನೆ. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರ ಗುಲಾಮಗಿರಿಗೆ ಈ ಶಾಪವನ್ನು ಆಧಾರವಾಗಿ ತೋರಿಸುತ್ತಿದ್ದರು. 1861ರಲ್ಲಿ ಒಕ್ಕೂಟದಿಂದ ಸಿಡಿದ ರಾಜ್ಯಗಳ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ತನ್ನ ಹೆಸರಾಂತ ಭಾಷಣದಲ್ಲೇ ಅದನ್ನು ಎತ್ತಿದ್ದಾನೆ. ನಾವೆಯನ್ನು ಕಟ್ಟಿದವರು ಈ ಓದನ್ನು ಒಪ್ಪುವವರಲ್ಲ; ಮನುಷ್ಯರೆಲ್ಲ ಒಂದೇ ರಕ್ತದವರೆಂಬುದೇ ಅವರ ನಿಲುವು ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಆದರೂ ಹಿಂತಿರುಗುವಾಗ ಅಳಿಯನಿಗೆ ಹೇಳಿ ಸಿನ್ಸಿನಾಟಿಯ ಹೊಳೆದಂಡೆಯಲ್ಲಿರುವ, 2004ರಲ್ಲಿ ತೆರೆದ, ಗುಲಾಮಗಿರಿಯ ಇತಿಹಾಸ ಹೇಳುವ ಫ್ರೀಡಂ ಸೆಂಟರ್ ಎಂಬ ವಸ್ತುಸಂಗ್ರಹಾಲಯದಲ್ಲಿ ವಾಹನ ನಿಲ್ಲಿಸಿದೆ. ಒಹಾಯೊ ಹೊಳೆಯ ಆ ದಂಡೆ ಗುಲಾಮಗಿರಿಯ ಕೆಂಟಕಿ, ಈ ದಂಡೆ ಬಿಡುಗಡೆಯ ನೆಲ. ಒಳಗೆ, ಕೆಂಟಕಿಯ ಮೇಸನ್ ಕೌಂಟಿಯಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ ಎರಡು ಅಂತಸ್ತಿನ ದಿಮ್ಮಿಯ ಕೊಟ್ಟಿಗೆಯಿದೆ. 21 ಅಡಿ ಅಗಲ, 30 ಅಡಿ ಉದ್ದ. 1830ರ ಸುಮಾರಿಗೆ ಗುಲಾಮ ವ್ಯಾಪಾರಿಯೊಬ್ಬ ಮಾರಾಟಕ್ಕೆ ಒಯ್ಯುವ ಮನುಷ್ಯರನ್ನು ಕೂಡಿಹಾಕಲು ಬಳಸುತ್ತಿದ್ದದ್ದು. ಅಲ್ಲಿನ ದಿಮ್ಮಿಯನ್ನು ಬಡಿದು ನೋಡಲು ನನಗೆ ಕೈ ಬರಲಿಲ್ಲ.

ಇವತ್ತಿನ ಅಮೆರಿಕದಲ್ಲಿ ದೊರೆತನದ ದೇವತಾಶಾಸ್ತ್ರವೆಂದು ಕರೆಯಿಸಿಕೊಳ್ಳುವ ಪಂಥ ಇದಕ್ಕಿಂತ ಬೇರೆ. 1970ರ ದಶಕದಲ್ಲಿ ಆರ್. ಜೆ. ರಶ್‌ಡೂನಿ ಎಂಬ ಕ್ರೈಸ್ತ ಚಿಂತಕರು, ಬೈಬಲ್ಲಿನ ಮೋಶೆಯ ಧರ್ಮಶಾಸ್ತ್ರವೇ ರಾಜ್ಯದ ಕಾನೂನಾಗಬೇಕೆಂದು ವಾದಿಸಿದರು. ಧರ್ಮ, ಕುಟುಂಬ, ಶಿಕ್ಷಣ, ಸರ್ಕಾರ, ಮಾಧ್ಯಮ, ಕಲೆ, ವ್ಯಾಪಾರ ಎಂಬ ‘ಏಳು ಪರ್ವತ’ಗಳನ್ನು ಕ್ರೈಸ್ತರು ಏರಬೇಕೆಂಬ ಮಾತು ಕೂಡ 1975ರಷ್ಟು ಹಿಂದಿನದೆಂದು ಆ ಪಂಥದವರೇ ಹೇಳುತ್ತಾರೆ. ನಾವೆಯೊಳಗೆ ನನಗೆ ಅಂಥ ಪರ್ವತಾರೋಹಣದ ಫಲಕ ಯಾವುದೂ ಕಾಣಲಿಲ್ಲ. ಇಲ್ಲಿ ಸರ್ಕಾರದೊಂದಿಗಿನ ವ್ಯವಹಾರ ಇನ್ನೊಂದು ಬಗೆಯದು: ಕೆಲಸಕ್ಕೆ ಸೇರುವವರು ಸಂಸ್ಥೆಯ ನಂಬಿಕೆಯ ಹೇಳಿಕೆಗೆ ಸಹಿ ಹಾಕಬೇಕೆಂಬ ಕಾರಣಕ್ಕೆ ಪ್ರವಾಸೋದ್ಯಮದ ತೆರಿಗೆ ರಿಯಾಯಿತಿ ಕೊಡಬಹುದೇ ಎಂಬ ವ್ಯಾಜ್ಯ ನಡೆದು, 2016ರ ಜನವರಿಯಲ್ಲಿ ಒಕ್ಕೂಟ ನ್ಯಾಯಾಲಯ ಸಂಸ್ಥೆಯ ಪರವಾಗಿ ತೀರ್ಪಿತ್ತಿತು. ರಿಯಾಯಿತಿಯ ಮೊತ್ತ ಸುಮಾರು 1.8 ಕೋಟಿ ಡಾಲರ್‌ವರೆಗೂ ಹೋಗಬಹುದಾಗಿತ್ತು.

ಮರುದಿನ ಮೊಮ್ಮಗನನ್ನು ಸಿನ್ಸಿನಾಟಿಯ ಮೃಗಾಲಯಕ್ಕೆ ಕರೆದೊಯ್ದೆ. ಅಲ್ಲಿ ಜಪಾನೀ ಮಾದರಿಯ ಮಾಡು ಹೊದಿಸಿದ ಪುಟ್ಟ ಮನೆಯೊಂದಿದೆ; ಹೆಚ್ಚಿನವರು ಆನೆ, ಹಿಪ್ಪೊ ನೋಡುವ ಅವಸರದಲ್ಲಿ ಅದನ್ನು ಗಮನಿಸದೆ ಹೋಗುತ್ತಾರೆ. 1914ರ ಸೆಪ್ಟೆಂಬರ್ 1ರಂದು ಈ ಮೃಗಾಲಯದಲ್ಲಿ ಮಾರ್ಥಾ ಎಂಬ ಹೆಣ್ಣು ಪಾರಿವಾಳ ಸತ್ತಿತು. ಪ್ಯಾಸೆಂಜರ್ ಪಿಜನ್ ಎಂಬ ವಲಸೆ ಪಾರಿವಾಳದ ಕುಲದಲ್ಲಿ ಅದೇ ಕೊನೆಯದು. ನೂರು ವರ್ಷ ಹಿಂದಕ್ಕೆ ಹೋದರೆ, 1813ರಲ್ಲಿ ಪಕ್ಷಿಚಿತ್ರಕಾರ ಆಡುಬಾನ್ ಇದೇ ಕೆಂಟಕಿಯಲ್ಲಿ ಲೂಯಿವಿಲ್‌ಗೆ ಪ್ರಯಾಣ ಮಾಡುವಾಗ ಈ ಹಕ್ಕಿಗಳ ಹಿಂಡು ನಡುಹಗಲಿನ ಬೆಳಕನ್ನೇ ಮುಚ್ಚಿ ಮೂರು ದಿನ ಎಡೆಬಿಡದೆ ಹಾರಿದ್ದನ್ನು ದಾಖಲಿಸಿದ್ದಾನೆ. ನೂರಾರು ಕೋಟಿಯಿದ್ದವು. ಬಲೆ ಬೀಸಿ, ಗುಂಡು ಹೊಡೆದು, ಪೀಪಾಯಿಗಳಲ್ಲಿ ತುಂಬಿ ರೈಲಿನಲ್ಲಿ ಪೇಟೆಗೆ ಕಳಿಸಿ ಮುಗಿಸಿದರು. ಮಾರ್ಥಾಳ ಜೊತೆಗಿದ್ದ ಕೊನೆಯ ಗಂಡು 1910ರಲ್ಲೇ ಸತ್ತಿತ್ತು. ಸತ್ತ ಅವಳನ್ನು ಮಂಜುಗಡ್ಡೆಯಲ್ಲಿ ಹೆಪ್ಪುಗಟ್ಟಿಸಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಕಳಿಸಿಕೊಟ್ಟರು. ನೋಹ ನೆಲ ಒಣಗಿದೆಯೇ ನೋಡಿ ಬಾ ಎಂದು ಹೊರಗೆ ಬಿಟ್ಟದ್ದೂ ಪಾರಿವಾಳವನ್ನೇ.

ಹೋಗಬೇಕೆನ್ನುವವರಿಗೆ ಕೆಲವು ಮಾತು. ನಾವೆಗೆ ನಾಲ್ಕು ಗಂಟೆಯಾದರೂ ಬೇಕು. ಟಿಕೆಟ್ ಅಗ್ಗವಲ್ಲ, ವಾಹನ ನಿಲ್ಲಿಸಲು ಬೇರೆ ಹಣ. ಅಂತಸ್ತಿನಿಂದ ಅಂತಸ್ತಿಗೆ ಇಳಿಜಾರಿನ ದಾರಿಯಿದ್ದು ಲಿಫ್ಟೂ ಇರುವುದರಿಂದ ಮಂಡಿನೋವಿನವರು ಹೆದರಬೇಕಾಗಿಲ್ಲ. ಕೆಳಗಿನ ಅಂತಸ್ತನ್ನೂ ಪ್ರಾಣಿಗಳ ಆರೈಕೆಯ ಭಾಗವನ್ನೂ ಸಾವಧಾನವಾಗಿ ನೋಡಿ, ಮೇಲಿನ ಅಂತಸ್ತಿನ ಫಲಕಗಳನ್ನು ಓದಲು ಇಷ್ಟವಿದ್ದರೆ ಓದಿ. ಐದರಲ್ಲಿ ಕಟ್ಟಡಕ್ಕೆ ಐದು, ವಿಚಾರಕ್ಕೆ ಎರಡು ಕೊಡುತ್ತೇನೆ. ಮಾರ್ಥಾಳ ಮನೆಗೆ ಹತ್ತು ನಿಮಿಷ ಸಾಕು, ಮೃಗಾಲಯದ ಟಿಕೆಟ್ಟಿನಲ್ಲೇ ಅದೂ ಸೇರಿದೆ. ನಾವು ಅದನ್ನು ಎರಡನೆಯ ದಿನ ನೋಡಿದೆವು. ನೀವು ಮೊದಲನೆಯ ದಿನವೇ ನೋಡಿ, ಆಮೇಲೆ ನಾವೆಗೆ ಹೋಗಿ.